ರಸಮಟ್ಟವನ್ನು ಒಪ್ಪಿಸಿ, ಇಳಿಜಾರು ತೂತಿಗೆ ಒಪ್ಪಿಗೆ ಕೋರಿ

ಇಂದ:
ತಂಗಿ, ಗೋಡೆಯ ಒಳಬದಿ (ಸದ್ಯ ಒಂದು ಕೈಯಲ್ಲಿ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಪೆನ್ನು)

ಗೆ:
ಅಕ್ಕನವರು, ಅದೇ ಗೋಡೆಯ ಹೊರಬದಿಯ ಅಂಗಳ

ವಿಷಯ: ಮನೆ ಬೆಚ್ಚಗಿಡುವ ಹೀಟ್ ಪಂಪಿನ ಪೈಪುಗಳಿಗೆ ಹೊಸ ತೂತು ಹಾಗೂ ನಾಲ್ಕು ವರ್ಷಗಳ ಮೌನದ ರದ್ದತಿ ಕುರಿತು.

ಉಲ್ಲೇಖ: ತಾವು ಅಂಗಳದಿಂದ ಕೂಗಿ ನೀಡಿದ ಮೌಖಿಕ ಎಚ್ಚರಿಕೆ: "ತೂತಿಗೆ ಹೊರಗಡೆ ವಾಟ ಕೊಡಿಸೇ, ಇಲ್ದಿದ್ರೆ ಮಳೆನೀರು ಒಳಗೇ ಬರುತ್ತೆ!"

ಮಾನ್ಯರೇ, ಅಂದರೆ ಅಕ್ಕಾ,

೧. ಸದರಿ ಎಚ್ಚರಿಕೆಗೆ ನಾನು, "ರಾತ್ರಿಶಾಲೆ ಪಾಸಾದವಳು ನಾನು. ಸೊಟ್ಟ ಕೆಲಸ ನಿನ್ನ ಮನೇಲಿಟ್ಕೋ" ಎಂದು ಉತ್ತರಿಸಿ, ರಸಮಟ್ಟ ಹಿಡಿದು ನಿಂತು, ಗುಳ್ಳೆ ನಟ್ಟನಡುವೆ ಬರುವವರೆಗೂ ಮೆಕ್ಯಾನಿಕ್‌ನನ್ನು ಬಿಡದೆ, ಕೂದಲೆಳೆಯಷ್ಟೂ ವಾಲದ ತೂತು ಕೊರೆಸಿದ್ದು ನಿಜ. ಅಂದಿನಿಂದ ತಾವು ಮಾತು ಬಿಟ್ಟದ್ದೂ ನಿಜ.

೨. ತೂತು ವಾಲದ ಕಾರಣ, ಮೊದಲ ಮಳೆಗೇ ನೀರು ಪೈಪಿನ ಬೆನ್ನೇರಿ ನೆಂಟರ ಹಾಗೆ ಒಳಗೆ ಬಂತು. ಗೋಡೆಯ ಒದ್ದೆ ಕಲೆ ಬೆಳೆಬೆಳೆದು ಈಗ ಸಾಕ್ಷಾತ್ ತಮ್ಮ ಮೂಗಿನ ಆಕಾರ ತಾಳಿದೆ. ಅದನ್ನು ದಿನಾ ಬೆಳಿಗ್ಗೆ ಒರೆಸುತ್ತೇನೆ. ಬೇಸರವಿಲ್ಲ, ಇಷ್ಟು ದಿನ ನಾನು ಮಾತಾಡಿಸಿದ್ದು ಆ ಮೂಗನ್ನೇ.

೩. ಇಂದು ಬೇರೊಬ್ಬ ಮೆಕ್ಯಾನಿಕ್ ಬಂದು, "ಅಜ್ಜೀ, ಈ ತೂತಿಗೆ ಮಟ್ಟ ಹಿಡಿದ ಪುಣ್ಯಾತ್ಮ ಯಾರು?" ಎಂದ. ನಾನು ರಸಮಟ್ಟವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

೪. ಆದ್ದರಿಂದ ಹಳೆಯದನ್ನು ಮುಚ್ಚಿಸಿ, ಪಕ್ಕದಲ್ಲೇ ತಮ್ಮ ಕಡೆಗೆ ಇಳಿಜಾರಾಗಿ ಹೊಸದು ಕೊರೆಸಿದ್ದೇನೆ. ಒಪ್ಪಿಗೆ ಕೇಳುವ ಮೊದಲೇ ಕೊರೆಸಿದ್ದು ತಪ್ಪು. ಆದರೆ ಈ ಅರ್ಜಿ ಬರೆದು ಹರಿದದ್ದು ಒಂಬತ್ತು ಸಲ. ಇನ್ನು ತಡೆಯಲಾರೆ.

೫. ಬಾಕಿ ಕೆಲಸ ತಮ್ಮ ಅಂಗಳದಲ್ಲಿದೆ: ತೂತಿಗೆ ಕೊಳವೆ ಕೂರಿಸುವುದು, ಪೈಪುಗಳಿಗೆ ಬೆವರದಂತೆ ದಪ್ಪ ಹೊದಿಕೆ ಸುತ್ತುವುದು, ನೀರು ಅಲ್ಲೇ ತೊಟ್ಟಿಕ್ಕಲು ಹೊರಗೆ ಅವನ್ನು ಒಂದು ಬಾಗು ಕೆಳಗಿಳಿಸುವುದು, ಸುತ್ತ ಸಂದು ಮುಚ್ಚುವುದು. ಆದಕಾರಣ, ಗೇಟು ತೆರೆಯಬೇಕು. ಮೆಕ್ಯಾನಿಕ್‌ಗೆ. ಸಾಧ್ಯವಾದರೆ ಅವನ ಹಿಂದೆ ಬರುವವಳಿಗೂ.

ತಾವು ಹೇಳಿದ್ದೇ ಸರಿ ಎಂದು ಈ ಮೂಲಕ ದೃಢೀಕರಿಸುವ,
ತಮ್ಮ ವಿಶ್ವಾಸಿ ಹಾಗೂ ಒಬ್ಬಳೇ ತಂಗಿ

ಅಡಕಗಳು:
೧. ಮೂಗಿನ ನಕಾಶೆ (ಗೋಡೆಗೆ ಕಾಗದವಿಟ್ಟು ತೆಗೆದದ್ದು).
೨. ರಸಮಟ್ಟ. ತೂತಿನಲ್ಲಿ ಹಿಡಿಸದ ಕಾರಣ ಖುದ್ದಾಗಿ ತಂದೊಪ್ಪಿಸಲಾಗುವುದು.

ವಿ.ಸೂ.: ಅರ್ಜಿಯನ್ನು ಸುರುಳಿ ಸುತ್ತಿ ಹೊಸ ತೂತಿನಲ್ಲೇ ರವಾನಿಸುತ್ತಿದ್ದೇನೆ. ದೂಡುವುದಿಲ್ಲ. ತಾನಾಗಿಯೇ ಜಾರಿ ತಮ್ಮ ಪಾದದ ಬಳಿ ಬಿದ್ದರೆ ವಾಟ ಸರಿಯಿದೆ ಎಂದು ಭಾವಿಸಿ, ಸಂದು ಮುಚ್ಚುವುದರೊಳಗೆ ಒಂದು ಬೈಗುಳವನ್ನಾದರೂ ಇದೇ ಮಾರ್ಗವಾಗಿ ಜೋರಾಗಿ ದಯಪಾಲಿಸಬೇಕಾಗಿ ಕೋರಿಕೆ. ಕಿವಿ ತೂತಿಗೆ ಇಟ್ಟುಕೊಂಡಿರುತ್ತೇನೆ.

ಇಗೋ, ಕೈ ಬಿಟ್ಟೆ.