ಬೇಡ ಅನ್ನುವ ಮರ್ಯಾದೆ

ನಮ್ಮ ಕಡೆ ಎಲೆಯ ಮುಂದೆ ಕೂತವನು 'ಬೇಡ' ಅಂದರೆ ಬೇಡ ಅಂತ ಅರ್ಥವಲ್ಲ. ಕೇಳಿದ ತಕ್ಷಣ 'ಹಾಕಿ' ಅನ್ನುವವನನ್ನು ಹೊಟ್ಟೆಬಾಕ ಅನ್ನುತ್ತಾರೆ. ಎಲೆಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈ ಸರಿಸಿ ಸುರಿಯಬೇಕು, ಆಮೇಲೆ ನಾವು 'ಅಯ್ಯೋ, ಇಷ್ಟೊಂದಾ' ಅಂತ ಗೊಣಗುತ್ತಾ ಖಾಲಿ ಮಾಡಬೇಕು. ಈ ವಿದ್ಯೆಯಲ್ಲಿ ನಾನು ಪಳಗಿದವನು. ಬೆರಳುಗಳ ನಡುವೆ ಸಾರು ಇಳಿಯುವಷ್ಟು ಸಂದು ಬಿಟ್ಟೇ ಕೈ ಅಡ್ಡ ಹಿಡಿಯುತ್ತೇನೆ ಅಂತ ನನ್ನ ಹೆಂಡತಿ ಆಡಿಕೊಳ್ಳುವುದುಂಟು.

ಇಂಥ ನನಗೆ ಹೋದ ವರ್ಷ ಕತ್ತಿನ ಸ್ಕ್ಯಾನು ಆಯಿತು. ಪಾಂಡವಪುರದ ಡಾಕ್ಟರು ಬಿಪಿ ನೋಡಿದರು, ಸಕ್ಕರೆ ನೋಡಿದರು, ನನ್ನ ಜೇಬಿನ ಸಿಗರೇಟು ಪ್ಯಾಕನ್ನೂ ನೋಡಿ ಮೈಸೂರಿಗೆ ಕಳಿಸಿದರು. ಅಲ್ಲಿ ಕತ್ತಿಗೆ ತಣ್ಣಗಿನ ಜೆಲ್ ಸವರಿ ನೋಡಿದವರು, ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಗೋಡೆಗೆ ಕೊಬ್ಬು ಕಟ್ಟಿಕೊಂಡಿದೆ ಅಂದರು. ಆಲೆಮನೆಯ ಕೊಪ್ಪರಿಗೆಗೆ ಬೆಲ್ಲ ಹತ್ತಿಕೊಂಡ ಹಾಗೆ ಅಂತ ಅರ್ಥ ಮಾಡಿಕೊಂಡು, ಕೆರೆದು ತೆಗೆಯಲು ಆಗುವುದಿಲ್ಲವೇ ಎಂದು ಕೇಳಿದೆ. ಸದ್ಯಕ್ಕೆ ಮಾತ್ರೆ ನುಂಗಿ, ಸಿಗರೇಟು ಬಿಡಿ, ಉಪ್ಪು, ಕೊಬ್ಬು ಕಡಿಮೆ ಮಾಡಿ, ದಿನಾ ನಡೆಯಿರಿ, ಒಂದು ಚೂರು ಕಿತ್ತುಕೊಂಡು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ ಅಂದರು. ಸಿಗರೇಟು ಬಿಟ್ಟೆ. ನಾಲೆ ಏರಿಯ ಮೇಲೆ ನಡೆದೆ. ಕುರಿ ಬಾಡಿನ ಆಸೆ ಮಾತ್ರ ನನ್ನನ್ನು ಬಿಡಲಿಲ್ಲ. ಪಕ್ಕದ ಮನೆಯಲ್ಲಿ ಮಸಾಲೆ ರುಬ್ಬುವ ಸದ್ದಿಗೇ ಕಣ್ಣು ತುಂಬಿ ಬರುತ್ತಿತ್ತು.

ಅಷ್ಟರಲ್ಲಿ ದೇವಲಾಪುರದ ನಮ್ಮಕ್ಕನ ಮಗನ ಬೀಗರ ಊಟ ಬಂತು. ಮದುವೆಯಾದ ಮೇಲೆ ಹೆಣ್ಣಿನ ಕಡೆಯವರಿಗೆ ಹಾಕುವ ಬಾಡೂಟ. ಬಲವಂತ ಮಾಡಿ ಬಡಿಸುವುದರಲ್ಲಿ ನಮ್ಮಕ್ಕನನ್ನು ಮೀರಿಸಿದವರಿಲ್ಲ. ಚಿಕ್ಕಂದಿನಿಂದ ಅವಳ ಸೌಟಿನ, ಒಳಗೆ ಮಜ್ಜೆ ತುಂಬಿದ ನಲ್ಲಿ ಮೂಳೆ ನನ್ನ ಎಲೆಗೇ ಬೀಳುತ್ತಿತ್ತು. ನಾನು ಬೇಡ ಅಂದರೆ ಡಾಕ್ಟರ ಮಾತು ನಡೆಸಿದ ಹಾಗಾಯಿತು, ಅಕ್ಕ ಹಾಕಿದರೆ ಅದು ಅವಳ ಬಲವಂತ, ನನ್ನ ತಪ್ಪೇನು ಅಂತ ಬಸ್ಸಿನಲ್ಲೇ ಯೋಚಿಸಿಕೊಂಡು ಹೋದೆ.

ಅಕ್ಕ ಬಕೆಟ್ಟು ಹಿಡಿದು ಸಾಲಿನಲ್ಲಿ ಬಂದಳು. ಸೌಟಿನಲ್ಲಿ ನಲ್ಲಿ ಮೂಳೆ ಕಂಡಿತು. ಶಾಸ್ತ್ರಪ್ರಕಾರ ಕೈ ಅಡ್ಡ ಹಿಡಿದು 'ಬೇಡ' ಅಂದೆ. ಅವಳು ಮುಂದಿನ ಎಲೆಗೆ ಹೋಗಿಬಿಟ್ಟಳು. ಪಕ್ಕದಲ್ಲಿ ಕೂತ ಬೀಗರು ನನ್ನ ಮೂಳೆಯನ್ನು ಹೀರುವ ಸದ್ದು ಕೇಳುತ್ತಾ ಕೂತೆ. ಮೂಳೆ ಹೋದದ್ದಕ್ಕಿಂತ, ಅಕ್ಕ ಒಂದು ಮಾತಿಗಾದರೂ ಬಲವಂತ ಮಾಡಲಿಲ್ಲವಲ್ಲ ಅಂತ ದುಃಖ ಒತ್ತರಿಸಿತು. ಅಷ್ಟು ಜನರ ನಡುವೆ ನಾನೊಬ್ಬನೇ ಕೂತ ಹಾಗಿತ್ತು.

ಸ್ವಲ್ಪ ಹೊತ್ತಿಗೆ ಅಕ್ಕ ಸಣ್ಣ ಪಾತ್ರೆಯೊಂದನ್ನು ತಂದು ನನ್ನ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನಿಮ್ ಭಾವ ಬ್ಯಾಡ ಅಂತಿದ್ರೂ ನಾನೇ ಬಲವಂತವಾಗಿ ಇಕ್ತಿದ್ದೆ ಕಣ್ಲಾ," ಅಂದಳು ಮೆಲ್ಲಗೆ. "ಅವ್ರು ಲಕ್ವ ಒಡ್ದು ತೀರ್ಕಂಡ್ ಮೇಲೆ, ಯಾರಾದ್ರೂ ಬ್ಯಾಡ ಅಂದ್ರೆ ನನ್ ಸೌಟು ತಾನಾಗೇ ಮುಂದಿನ್ ಎಲೆಗೆ ಓಯ್ತದೆ."

ಬೀಗರ ಊಟಗಳಲ್ಲಿ ಭಾವ ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದವರು.

ನನ್ನ ಹೆಂಡತಿ ಫೋನಿನಲ್ಲಿ ಡಾಕ್ಟರ ಮಾತನ್ನೆಲ್ಲ ಅಕ್ಕನಿಗೆ ಮೊದಲೇ ಒಪ್ಪಿಸಿದ್ದಳಂತೆ; ಪಾತ್ರೆಯಲ್ಲಿದ್ದದ್ದು ನನಗೆಂದೇ ಬೇರೆ ಒಲೆಯಲ್ಲಿ ಮಾಡಿದ ಸೊಪ್ಪಿನ ಬಸ್ಸಾರು. ಉಪ್ಪು, ಎಣ್ಣೆ ಎರಡೂ ಅದರ ಹತ್ತಿರ ಸುಳಿದ ಹಾಗಿರಲಿಲ್ಲ. ಅದರ ಬಣ್ಣ ನೋಡಿ, ಎರಡೂ ಕೈ ಅಡ್ಡ ಹಿಡಿದು, ಬೆರಳ ನಡುವೆ ಒಂದು ಸಂದೂ ಬಿಡದೆ 'ಬೇಡ' ಅಂದೆ. ಹುಟ್ಟಿದಾಗಿನಿಂದ ನಾನು ಮನಸಾರೆ ಹೇಳಿದ ಬೇಡ ಅದೊಂದೇ.

ಅಕ್ಕ ನನ್ನ ಕೈ ಸರಿಸಿದಳು. "ನಾಚ್ಕೋಬ್ಯಾಡ, ಉಣ್ಣು," ಅಂತ ಪಾತ್ರೆಯನ್ನು ಪೂರಾ ಬಗ್ಗಿಸಿದಳು.