ಮಳೆ ತಗ್ಗಿದ ಮೇಲೆ ಊರಿದ ಬೀನ್ಸು

ಹೆದರುವವನ ಬದುಕಿನಲ್ಲಿ ನಗುವಂಥ ಸಂಗತಿಗಳು ತಾವಾಗಿಯೇ ನಡೆಯುತ್ತಿರುತ್ತವೆ. ನಡೆಯುವ ಹೊತ್ತಿಗೆ ಮಾತ್ರ ಅವನಿಗೆ ನಗು ಬಂದಿರುವುದಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಗೋವಾದ ಮಡ್ಕಯಿಯ ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದೆ. ಎರಡು ವರ್ಷವಾದರೂ ನೌಕರಿ ಕಾಯಂ ಆಗಿರಲಿಲ್ಲ. ಊರಿನಿಂದ ಹೆಂಡತಿಯನ್ನು ಕರೆತಂದು ಮೂರು ತಿಂಗಳಾಗಿತ್ತಷ್ಟೆ. ಮ್ಯಾನೇಜರ್ ಸಾಹೇಬರು ಬೆಳಗಾವಿ ಕಡೆಯವರು. ಕೂಗಾಡುವವರಲ್ಲ. ಸುಮ್ಮನೆ ನೋಡುತ್ತಿದ್ದರು. ಹಾಗೆ ನೋಡಿಸಿಕೊಂಡ ಇಬ್ಬರು ಮರುದಿನ ಕೆಲಸಕ್ಕೆ ಬಂದಿರಲಿಲ್ಲ. ಸಾಹೇಬರ ಚಪ್ಪಲಿ ಸಪ್ಪಳ ಕೇಳಿದರೆ ನಾನು ಕೈಗೆ ಸಿಕ್ಕ ಕೆಲಸ ಹಿಡಿದು ತಲೆ ತಗ್ಗಿಸುತ್ತಿದ್ದೆ.

ಬೀಜ ಊರಿದ್ದು

ಕ್ಯಾಂಟೀನಿನ ಅಡುಗೆ ಚಾಚಾ ವಿಜಾಪುರದವರು. ಗಣಪತಿ ಹಬ್ಬ ಮುಗಿದು ಮಳೆ ತಗ್ಗಿದ ಮೇಲೆ, ಒಂದು ದಿನ ಅಂಗಿಯ ಕಿಸೆಯಿಂದ ಪೊಟ್ಟಣ ತೆಗೆದು ತೋರಿಸಿದರು. ಬೀನ್ಸಿನ ಬೀಜ.

"ಈಗೆಲ್ಲಿ ಬಿತ್ತಾಕತ್ತೀರಿ ಚಾಚಾ? ಹಂಗಾಮು ಮುಗೀತಲ್ಲ" ಅಂದೆ.

"ಇದು ಗಿಡ್ಡ ಜಾತಿ, ತಮ್ಮಾ. ಒಂದೂವರೆ ತಿಂಗಳಿಗೆ ಕಾಯಿ ಬರ್ತಾವ. ದೀಪಾವಳಿಗೆ ಪಲ್ಯ ಮಾಡೂಣು. ಮತ್ತ ಹಬ್ಬೂದಿಲ್ಲ, ಗ್ವಾಡಿ ಏರೂದಿಲ್ಲ. ಮೊಣಕಾಲಿನಷ್ಟ ಬೆಳೀತದ. ಸಾಹೇಬರಿಗೆ ಕಾಣೂದಿಲ್ಲ."

ಕಾರ್ಖಾನೆಯ ಜಾಗದಲ್ಲಿ ಒಂದು ಹುಲ್ಲುಕಡ್ಡಿ ನೆಟ್ಟವನೂ ಕೆಲಸದಿಂದ ಹೊರಗೆ ಎಂದು ಸಾಹೇಬರ ಹುಕುಂ ಇತ್ತು. ಆದರೂ ಊಟದ ಬಿಡುವಿನಲ್ಲಿ, ಶೆಡ್ಡಿನ ಹಿಂದೆ, ಹಳೆಯ ಡ್ರಮ್ಮುಗಳ ಮರೆಯಲ್ಲಿ ಕೆಂಪು ಮಣ್ಣು ಕೆದರಿ ಮೂರು ಸಾಲು ಊರತೊಡಗಿದೆವು. ಕೊನೆಯ ಸಾಲು ಅರ್ಧಕ್ಕೆ ಬಂದಾಗ ಆ ಚಪ್ಪಲಿ ಸಪ್ಪಳ ಕೇಳಿಸಿತು.

"ಏನು ನಡಸೀರಿ ಇಲ್ಲಿ?"

ಹೆಂಡತಿಯನ್ನು ವಾಪಸ್ ಊರಿಗೆ ಕಳಿಸುವ ಬಸ್ಸು ಕಣ್ಣ ಮುಂದೆ ಬಂತು. ಬಾಯಿಗೆ ಬಂದದ್ದು ಅಂದುಬಿಟ್ಟೆ: "ಹಾವ್ರಿ ಸಾಹೇಬ್ರ. ಹಾವು ಹೊಕ್ಕತ್ರಿ. ಹುಡುಕಾಕತ್ತೀವ್ರಿ."

ಸಾಹೇಬರ ಮುಖದ ಬಣ್ಣ ಹೋಯಿತು. ಎರಡು ಹೆಜ್ಜೆ ಹಿಂದೆ ಸರಿದು, ತಿರುಗಿ, ಬಂದದ್ದಕ್ಕಿಂತ ಜೋರಾಗಿ ನಡೆದು ಹೋದರು. ನಾನು ಉಸಿರು ಬಿಟ್ಟು ಪಕ್ಕಕ್ಕೆ ನೋಡಿದರೆ ಚಾಚಾ ಇಲ್ಲ. ಡ್ರಮ್ಮಿನ ಮೇಲೆ ಹತ್ತಿ, ಲುಂಗಿ ಎತ್ತಿ ಹಿಡಿದು ಕೂತಿದ್ದರು.

"ಮೊದಲ ನನಗ ಹೇಳಬಾರದೇನು? ಯಾವ ಕಡೆ ಹೋತು?"

ಒಂದು ಜೋಡಿ ಬೂಟು

ಮರುದಿನ ಅಲ್ಲಿ 'ಹಾವು ಇದೆ, ಎಚ್ಚರಿಕೆ' ಎಂಬ ಹಲಗೆ ಬಂತು. ಇನ್ನು ಆ ಕಡೆ ಯಾರೂ ಸುಳಿಯುವುದಿಲ್ಲವೆಂದು ಖುಷಿಪಡಬೇಕಿತ್ತು. ಆದರೆ ದಿನಾ ಆ ಹಲಗೆ ಓದಿ ಓದಿ ನಮಗೂ ಹೆದರಿಕೆ ಹತ್ತಿತು. ಸುಳ್ಳು ಹೇಳಿದವನು ನಾನೇ, ಆದರೂ ಹುಲ್ಲು ಅಲುಗಾಡಿದರೆ ನಿಂತುಬಿಡುತ್ತಿದ್ದೆ.

ಮೊಳಕೆ ಬಂದು ನಾಲ್ಕು ಎಲೆಯಾದವು. ಕಳೆ ತೆಗೆಯಲೇಬೇಕು. ಸ್ಟೋರಿನಲ್ಲಿ ಒಂದೇ ಜೋಡಿ ಗಮ್‌ಬೂಟು ಇತ್ತು. ಎಡಗಾಲಿನದು ನಾನು ಹಾಕಿಕೊಂಡೆ, ಬಲಗಾಲಿನದು ಚಾಚಾ. ಇಬ್ಬರೂ ಬೂಟಿನ ಕಾಲು ಮುಂದೆ ಇಟ್ಟು, ಬರಿಗಾಲು ಹಿಂದೆ ಎಳೆದುಕೊಂಡು ಸಾಲಿಗೆ ಇಳಿದೆವು.

ಅರ್ಧ ಸಾಲು ಆಗಿರಬೇಕು. ನನ್ನ ಬರಿಗಾಲಿಗೆ ತಣ್ಣಗೆ, ಒದ್ದೆಯಾಗಿ, ಉದ್ದನೆಯದೊಂದು ತಾಕಿ ಸರ್ರನೆ ಹರಿಯಿತು.

"ಅಲುಗಾಡಬ್ಯಾಡ" ಅಂದರು ಚಾಚಾ. "ಹಸಿರು ಬಣ್ಣದ್ದು. ಭಾಳ ಉದ್ದ ಅದ. ಇನ್ನೂ ಮುಗಿದಿಲ್ಲ."

ನಾನು ಕಣ್ಣು ಮುಚ್ಚಿ, ಕಳೆ ತೆಗೆಯುವ ಕುರ್ಪಿ ಎತ್ತಿ, ಇದ್ದ ಶಕ್ತಿಯೆಲ್ಲ ಹಾಕಿ ಹೊಡೆದೆ. ಅದು ಕಾಲಿನಿಂದ ಜಾರಿ ಡ್ರಮ್ಮುಗಳ ಆಚೆ ಹೋಯಿತು. ಇಬ್ಬರೂ ಓಡಿ ಕ್ಯಾಂಟೀನು ಸೇರಿದೆವು. ಚಾಚಾ ನನಗೆ ಚಹಾ ಬಸಿದು, "ಹೊಡೆದಿದ್ದು ಚಲೋ ಆತು. ಇನ್ನ ಅದು ಬರೂದಿಲ್ಲ" ಅಂದರು.

ಅಷ್ಟರಲ್ಲಿ ವಾಚ್‌ಮನ್ ಬಂದ. ಕೈಯಲ್ಲಿ ಅವನು ಡ್ರಮ್ಮುಗಳ ಆಚೆಯಿಂದ ಎಳೆದುಕೊಂಡ ಹಸಿರು ಪೈಪಿತ್ತು, ನಡುವೆ ತೂತು.

"ಹೌದ್ರಿ ಚಾಚಾ" ಅಂದ, "ಇನ್ನ ಇದಕ್ಕ ನೀರು ಬರೂದಿಲ್ಲ."

ಬೆಳಗಾವಿ ಮಾಲು

ದೀಪಾವಳಿಗೆ ಎರಡು ದಿನ ಮೊದಲು ಕಾಯಿ ಬಂದವು. ಎಳೆಯವು, ಮುರಿದರೆ ಟಕ್ಕನೆ ಅನ್ನುವಂಥವು. ಚಾಚಾ ಒಣಕೊಬ್ಬರಿ, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದರು. ಅವತ್ತೇ ಸಾಹೇಬರ ಮನೆಯಿಂದ ಊಟದ ಡಬ್ಬಿ ಬರಲಿಲ್ಲ. ಕ್ಯಾಂಟೀನಿಗೆ ಬಂದು ನನ್ನ ಎದುರಿಗೇ ಕೂತರು. ನಾನು ತಟ್ಟೆಯ ಪಲ್ಯವನ್ನು ರೊಟ್ಟಿಯಿಂದ ಮುಚ್ಚಿದೆ.

ಒಮ್ಮೆ ಹಾಕಿಸಿಕೊಂಡರು. ಮತ್ತೊಮ್ಮೆ ಹಾಕಿಸಿಕೊಂಡರು. ಆಮೇಲೆ ಚಾಚಾನನ್ನು ನೋಡಿದರು. ಆ ನೋಟ.

"ಈ ಬೀನ್ಸ್ ಎಲ್ಲೀವು?"

"ಬೆ... ಬೆಳಗಾವೀವು ಸಾಹೇಬ್ರ."

"ಭಾಳ ತಾಜಾ ಅದಾವಲ್ಲ. ಯಾವಾಗ ಕೊಯ್ದಿದ್ದು?"

ಒಂದು ಸುಳ್ಳು ಹೇಳುವಷ್ಟು ಮಾತ್ರ ಚಾಚಾನಲ್ಲಿ ಧೈರ್ಯವಿತ್ತು, ಅದು ಖರ್ಚಾಗಿತ್ತು.

"ಈಗ ಅರ್ಧಾ ತಾಸು ಆತ್ರಿ."

ಸಾಹೇಬರ ಕ್ಯಾಬಿನ್ನು

ಊಟವಾದ ಮೇಲೆ ಸಾಹೇಬರು ಟೆರೇಸ್ ಹತ್ತಿ ಶೆಡ್ಡಿನ ಹಿಂದೆ ಬಹಳ ಹೊತ್ತು ನೋಡಿದರಂತೆ. ಮರುದಿನ ಬೆಳಿಗ್ಗೆ ಪ್ಯೂನ್ ಬಂದು, "ನಿನ್ನನ್ನ ಕರೀತಾರ" ಅಂದ. ಮೆಟ್ಟಿಲು ಹತ್ತುವಾಗ ಹೆಂಡತಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ.

ಸಾಹೇಬರು ಪೆನ್ನು ಕೆಳಗಿಟ್ಟು ನೋಡಿದರು. ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿಬಿಟ್ಟೆ.

"ತಪ್ಪಾತ್ರಿ ಸಾಹೇಬ್ರ. ಬೀನ್ಸ್ ನಾವ ಹಾಕಿದ್ದು. ಚಾಚಾಂದು ತಪ್ಪಿಲ್ರಿ. ಮತ್ತ ಊಟ ಆದಮ್ಯಾಲೆ ದಿನಾ ಹತ್ತು ನಿಮಿಷ ಡ್ರಮ್ಮಿನ ಹಿಂದ ಮಲಗತಿದ್ದೆ, ಖರೇ. ಹಿಂದಿನ ತಿಂಗಳು ಬಾತ್‌ರೂಮಿನ ಕನ್ನಡಿ ಒಡದಿದ್ದು ನಾನ. ಅಜ್ಜಿ ತೀರಿಕೊಂಡ್ಲು ಅಂತ ಈ ವರ್ಷ ನಾಕು ದಿನ ರಜಾ ಹಾಕಿದ್ನೆಲ್ರಿ, ಅಜ್ಜಿ ಊರಾಗ ಆರಾಮ ಅದಾಳ್ರಿ. ಮಾಡಿದ್ದೆಲ್ಲಾ ಹೇಳೇನ್ರಿ. ನೌಕರಿಯಿಂದ ಮಾತ್ರ ತೆಗೀಬ್ಯಾಡ್ರಿ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

"ನಮ್ಮ ಮನಿಯಾಕಿನೂ ಹಿತ್ತಲದಾಗ ಬೀನ್ಸ್ ಹಾಕ್ಯಾಳ" ಅಂದರು. "ಹೂವೆಲ್ಲಾ ಉದುರಾಕತ್ತಾವ. ನೀರು ಹೆಚ್ಚಾತೋ ಕಡಿಮಿ ಆತೋ ಕೇಳೂಣಂತ ಕರಸಿದ್ದೆ."

ನನಗೆ ಕೂರಬೇಕೋ ಬೀಳಬೇಕೋ ತಿಳಿಯಲಿಲ್ಲ. "ಕಡಿಮಿ ಆಗಿರಬೇಕ್ರಿ" ಅಂದೆ.

"ಚಲೋ. ಅದು ಮುಗೀತು." ಸಾಹೇಬರು ಹಾಜರಿ ಪುಸ್ತಕ ಎಳೆದುಕೊಂಡು, ನಿಧಾನವಾಗಿ ಹಿಂದಿನ ಹಾಳೆ ತಿರುವಿದರು. "ಈಗ ಅಜ್ಜಿ ವಿಷಯಕ್ಕ ಬರೂಣು. ಹೋದ ವರ್ಷ ಎರಡು ಸಲ ತೀರಿಕೊಂಡಾಳಲ್ಲ, ಆವಾಗೂ ಆರಾಮ ಇದ್ಲೇನು?"