ಕೆಂಪು ಗೇಟಿನ ಮುಂದಿನ ಗಂಟು

ಕನ್ನಡಕದಂಗಡಿ ಅಣ್ಣನ ಅಂದಿನ ತಾಪತ್ರಯಕ್ಕೆಲ್ಲ ಕಾರಣ ಒಂದು ಗಂಟು. ಅದು ಹಗ್ಗದ್ದಲ್ಲ, ದಾರಿಯದು.

ಹಳೆಯ ಗೆಳೆಯರೆಲ್ಲ ಸೈಕಲ್ಲಿನಲ್ಲಿ ಬಾಲ್ಯದ ಊರಿಗೆ ಹೋಗಿಬರುವುದೆಂದು ತೀರ್ಮಾನವಾಗಿ, ದಾರಿ ತೋರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಹಿಂದಿನ ವಾರವೇ ಒಬ್ಬನೇ ಹೋಗಿ, ತುಳಿದ ದಾರಿಯನ್ನೆಲ್ಲ ಮೊಬೈಲಿನಲ್ಲಿ ದಾಖಲಿಸಿಕೊಂಡು ಬಂದಿದ್ದ. ಈಗ ಆ ಫೈಲನ್ನು ಶುಚಿ ಮಾಡಿ ಸಂಜೆಯೊಳಗೆ ಎಲ್ಲರಿಗೂ ಕಳಿಸಬೇಕು. ನಾಳೆ ಅವರವರ ಮೊಬೈಲು ಆ ಗೆರೆಯನ್ನು ಹಿಡಿದೇ ಎಡಕ್ಕೆ, ಬಲಕ್ಕೆ ಎನ್ನುವುದು.

ಅಂಗಡಿಯ ಮೇಜಿನ ಮೇಲೆ, ಗಾಜು ಕೂರಿಸದ ಕನ್ನಡಕಗಳ ನಡುವೆ, ಕಂಪ್ಯೂಟರಿನಲ್ಲಿ ಗೆರೆ ಮೈಚೆಲ್ಲಿ ಮಲಗಿತ್ತು. ಚಹಾಕ್ಕೆ ನಿಂತಲ್ಲಿ ಚುಕ್ಕಿಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಗುಂಪುಗಟ್ಟಿದ್ದವು, ಅಳಿಸಿದ. ದಾರಿ ತಪ್ಪಿ ಕಲ್ಲುಗಣಿಗೆ ಹೋಗಿ ವಾಪಸಾದ ಬಾಲವನ್ನು ಕತ್ತರಿಸಿದ. ಕಡೆಗೆ ಉಳಿದದ್ದು ಹಳೆಯ ಊರಿನ ಒಂದು ಬೀದಿ. ಅಲ್ಲಿ ಗೆರೆ ಒಂದೇ ಮನೆಯ ಮುಂದೆ ಗಾಣದ ಎತ್ತಿನಂತೆ ಸುತ್ತಿ ಗಂಟಾಗಿತ್ತು. ಯಾರ ಕಣ್ಣಿಗೂ ಬೀಳುವ ಮುಂಚೆ ಅದನ್ನೂ ಅಳಿಸಬೇಕು. ಬೆರಳು ಮಾತ್ರ ಏಳಲೊಲ್ಲದು. ಆ ಬೀದಿಯಲ್ಲಿ ಅವನ ಹರೆಯ ಇನ್ನೂ ಅಪ್ಪನ ಸೈಕಲ್ಲು ತುಳಿಯುತ್ತಿತ್ತು.

ಅಷ್ಟರಲ್ಲಿ ಪಕ್ಕದಂಗಡಿಯ ದರ್ಜಿ, ಅದೇ ಗೆಳೆಯರ ಗುಂಪಿನವನು, ಹೆಗಲ ಮೇಲಿಂದ ಇಣುಕಿದ. "ಏನೋ ಅದು, ನನ್ನ ಮಿಷನ್ನಲ್ಲಿ ದಾರ ಸಿಕ್ಕು ಬಿದ್ದ ಹಾಗಿದೆ?"

"ಉಪಗ್ರಹದ ಎಡವಟ್ಟು ಕಣೋ."

"ಹಾಗಾದ್ರೆ ಅಳಿಸು. ನಾವೆಲ್ಲ ಅಲ್ಲಿ ಬುಗುರಿ ಥರ ತಿರುಗ್ಬೇಕಾ?"

ಕನ್ನಡಕ ಒಯ್ಯಲು ಬಂದಿದ್ದ ಟಪಾಲಜ್ಜನೂ ಬಗ್ಗಿದ. ಆ ಊರಿನಲ್ಲೇ ಕಾಗದ ಹಂಚಿದ ಜೀವ. "ಬಾವಿ ದಾಟಿ ಎಡಕ್ಕೆ... ಕೆಂಪು ಗೇಟಿನ ಮನೆ ಅಲ್ವೇನೋ ಇದು? ಉಪಗ್ರಹ ಆಕಾಶ ಬಿಟ್ಟು ಇದೊಂದೇ ಮನೇನ ಯಾಕಪ್ಪ ಸುತ್ತುತ್ತೆ?"

ದರ್ಜಿಯ ನಗು ಅರ್ಧಕ್ಕೇ ನಿಂತಿತು. "ಟೈರಿಗೆ ಗಾಳಿ ಹಾಕ್ಬೇಕು" ಎಂದು ಹೊರಟೇಹೋದ. ನಾಳೆಗೆಂದು ಅವನು ಹುಡುಗಾಟದ ದಿನಗಳ ಸೈಕಲ್ಲನ್ನು ಅಂದು ತಾನೇ ಅಟ್ಟದಿಂದ ಇಳಿಸಿದ್ದ.

ಅಣ್ಣನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. "ನೋಡಮ್ಮಾ, ನಿನ್ನ ಗಂಡ ಯಾರದೋ ಮನೆ ಮುಂದೆ ಗಸ್ತು ಹೊಡ್ದಿದಾನೆ" ಎಂದು ಬೆಂಕಿ ಹಚ್ಚಿ ಟಪಾಲಜ್ಜ ಜಾರಿಕೊಂಡ.

"ಯಾರ ಮನೆರೀ? ಹೇಳ್ತೀರೋ, ಡಬ್ಬಿ ವಾಪಸ್ ತಗೊಂಡು ಹೋಗ್ಲೋ?"

ಅವನು ಕನ್ನಡಕ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ನಿನ್ನ ಚಿಕ್ಕಮ್ಮನ ಮನೆ ಕಣೇ. ಓದೋಕೆ ಅಂತ ನೀನು ಅಲ್ಲಿದ್ಯಲ್ಲ, ಆವಾಗ..."

ಹಿರಿಯರು ಹುಡುಕಿ ಮಾಡಿದ ಮದುವೆ ಎಂದೇ ಇಷ್ಟು ವರ್ಷ ನಡೆದುಬಂದಿತ್ತು. ಹೆಂಡತಿ ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತಳು.

"ಹಾಗಾದ್ರೆ ಸಂಜೆ ಗೇಟಿನ ಹತ್ರ ಎರಡು ಸಲ ಬೆಲ್ಲು ಹೊಡೀತಿದ್ದದ್ದು ನೀವಾ? ಆ ಸದ್ದಿಗೋಸ್ಕರ ಕಿಟಕಿ ಹತ್ರಾನೇ ಪುಸ್ತಕ ಹಿಡ್ಕೊಂಡು ಕೂತಿರ್ತಿದ್ದೆ. ಯಾರು ಅಂತ ಇಣುಕೋಕೆ ಮಾತ್ರ ಧೈರ್ಯ ಇರ್ಲಿಲ್ಲ."

ಅಪ್ಪನ ಸೈಕಲ್ಲಿಗೆ ಬೆಲ್ಲೇ ಇರಲಿಲ್ಲ. ಆದರೆ ಅವಳ ಮುಖದಲ್ಲಿ ಅಂಥ ಬೆಳಕು ನೋಡಿ ಎಷ್ಟೋ ಕಾಲವಾಗಿತ್ತು.

"ಹೂಂ, ನಾನೇ" ಎಂದ.

"ಅಳಿಸ್ಬೇಡಿ ಅದನ್ನ."

ಅವನು ಹಿಗ್ಗಿ ಹೀರೇಕಾಯಿಯಾಗಿ, ಫೈಲನ್ನು ಗಂಟಿನ ಸಮೇತ ಎಲ್ಲರಿಗೂ ಕಳಿಸಿಯೇಬಿಟ್ಟ.

ಸ್ವಲ್ಪ ಹೊತ್ತಿಗೆ ಹೊರಗೆ ಸೈಕಲ್ ಬೆಲ್ಲಿನ ಸದ್ದಾಯಿತು. ಟ್ರಿಣ್, ಟ್ರಿಣ್.

ಡಬ್ಬಿ ಬಿಚ್ಚುತ್ತಿದ್ದ ಹೆಂಡತಿಯ ಕೈ ನಿಂತಿತು. ಕತ್ತು ತಾನಾಗಿಯೇ ಬಾಗಿಲ ಕಡೆ ತಿರುಗಿತು.

ದರ್ಜಿ ಧೂಳೊರೆಸಿದ ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತಿದ್ದ. "ಫೈಲು ಬಂತು ಕಣೋ. ಗಂಟು ಹಾಗೇ ಬಿಟ್ಟಿದ್ದು ಒಳ್ಳೇದಾಯ್ತು. ನಾಳೆ ಅಲ್ಲಿ ಒಂದೆರಡು ಸುತ್ತು ಹೊಡ್ಯೋಣ."

"ನೀನೂ ಆ ಬೀದಿಗೆ ಹೋಗ್ತಿದ್ಯೇನೋ?"

ದರ್ಜಿ ಆಗ ಒಳಗಿದ್ದವಳನ್ನು ಕಂಡ. ಬೆಲ್ಲಿನ ಮೇಲಿದ್ದ ಬೆರಳನ್ನು ಮೆಲ್ಲಗೆ ಎತ್ತಿಕೊಂಡ.

"ಇಲ್ಲಪ್ಪ" ಎಂದ. "ಉಪಗ್ರಹದ ಎಡವಟ್ಟು."